ನನ್ನ ಪಾಲಿನ ಹಾಲೆ ಕಷಾಯ

ಕುಂದಾಪುರದ ಕ್ಯಾಂಪಿನಲ್ಲಿ ವೇಟ್‌ಲಿಫ್ಟಿಂಗ್ ಹುಡುಗಿಯರಾದ ನಮಗೆ ನಿಷೇಧಿತ ಮದ್ದುಗಳ ಪಟ್ಟಿ ಹಿಡಿದು ಡೋಪಿಂಗ್ ಕ್ಲಾಸು ತೆಗೆದುಕೊಂಡ ಡಾಕ್ಟರು ಮೈಕಿದ್ದರೂ ಕಿರುಚುತ್ತಿದ್ದರು. "ನಿಮ್ಮ ಬಾಯೊಳಗೆ ಹೋದದ್ದಕ್ಕೆಲ್ಲ ನೀವೇ ಜವಾಬ್ದಾರಿ. ಅಮ್ಮ ಕೊಟ್ಟದ್ದು ಅಂದರೂ ಬಿಡುವುದಿಲ್ಲ. ಮೂತ್ರ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ವರ್ಷಗಟ್ಟಲೆ ಮನೆಯಲ್ಲೇ!" ಸಂಶಯ ಬಂದರೆ ಕೇಳಿ ಎಂದು ಫೋನ್ ನಂಬರನ್ನೂ ಕೊಟ್ಟರು. ನಾನೋ ಮೊದಲ ಸಲ ರಾಷ್ಟ್ರಮಟ್ಟದ ಪಂದ್ಯಕ್ಕೆ ಆಯ್ಕೆಯಾಗಿದ್ದೆ. ಹೆದರಿ ಸತ್ತೆ. ಬೈಂದೂರಿನ ಮನೆಗೆ ಬಂದವಳೇ ಕೆಮ್ಮಿನ ಸಿರಪ್ಪನ್ನು ಹಿತ್ತಲಿಗೆ ಚೆಲ್ಲಿದೆ. ಮುಂಬೈ ಮಾವ ತಂದ ತಲೆನೋವಿನ ಮುಲಾಮನ್ನೂ ಬಿಡಲಿಲ್ಲ.

ಪಂದ್ಯಕ್ಕೆ ಹೊರಡುವ ದಿನವೇ ಆಸಾಡಿ ಅಮಾಸೆ ಬರಬೇಕಾ! ಆ ದಿನ ಬೆಳಕು ಹರಿಯುವ ಮೊದಲು ಹಾಲೆ ಮರದ ತೊಗಟೆಯನ್ನು ಕಲ್ಲಲ್ಲಿ ಜಜ್ಜಿ ತಂದು, ಕಷಾಯ ಮಾಡಿ, ಮನೆಯವರೆಲ್ಲ ಖಾಲಿ ಹೊಟ್ಟೆಗೆ ಕುಡಿಯಬೇಕು. ಕುಡಿದವರಿಗೆ ವರ್ಷವಿಡೀ ಕಾಯಿಲೆ ಇಲ್ಲ ಎಂದು ನಂಬಿಕೆ. ಕಹಿ ಎಂದರೆ, ಅಬ್ಬಾ, ಕಿವಿಯ ತನಕ ಕಹಿ. ಮೀನು ಮಾರುವ ನನ್ನಮ್ಮ ಈ ವಿಷಯದಲ್ಲಿ ಯಾರನ್ನೂ ಬಿಟ್ಟವಳಲ್ಲ.

"ನಂಗೆ ಬೇಡ" ಅಂದೆ.

"ಎಂತಕ್ಕೆ ಹೆಣೆ? ನಾನ್ ಕೊಟ್ಟದ್ದ್ ವಿಷವಾ?"

ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಅಮ್ಮ ನನ್ನಿಂದಲೇ ಡಾಕ್ಟರಿಗೆ ಫೋನು ಹಚ್ಚಿಸಿ, ಮೊಬೈಲು ಕಸಿದುಕೊಂಡಳು. ಮೀನು ಪೇಟೆಯಲ್ಲಿ ಗಿರಾಕಿ ಕರೆಯುವ ಅದೇ ಗಂಟಲು.

"ಹ್ವಾಯ್ ಡಾಕ್ಟ್ರೇ, ಹಾಲೆ ಕಷಾಯ ನಿಮ್ ಪಟ್ಟಿಯಲ್ ಇತ್ತಾ?"

ಪಾಪ, ನಿದ್ದೆಯಿಂದ ಎದ್ದಿರಬೇಕು. "ಹೆಸರೇನೋ ಇಲ್ಲ ಅಮ್ಮಾ. ಆದರೆ ಅದರಲ್ಲಿ ಏನೇನಿದೆ ಅಂತ ನಾನು ಗ್ಯಾರಂಟಿ ಕೊಡಲಾರೆ. ಪಂದ್ಯ ಮುಗಿಯಲಿ, ಆಮೇಲೆ ಕೊಡಿ."

"ಪಂದ್ಯ ಮುಗ್ದ್ ಮೇಲೆ ಆಸಾಡಿ ಅಮಾಸೆ ಇನ್ನೊಂದ್ ಸರ್ತಿ ಬತ್ತಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಫೋನು ನನ್ನ ಕೈಗೆ ತುರುಕಿದಳು.

ಅಪ್ಪಯ್ಯ ತನ್ನ ಪಾಲು ಕುಡಿದು, ಬೆಲ್ಲ ಬಾಯಿಗೆ ಹಾಕಿಕೊಂಡು, ಈ ಜಗಳದಿಂದ ಬಲೆ ರಿಪೇರಿಗೆ ತಪ್ಪಿಸಿಕೊಂಡ. ಅಮ್ಮ ನನ್ನ ಲೋಟವನ್ನೇ ನೋಡುತ್ತ ನಿಂತಳು. ಚೆಲ್ಲುವ ಹಾಗಿಲ್ಲ, ಕುಡಿಸುವ ಹಾಗೂ ಇಲ್ಲ. ಆಮೇಲೆ ಕಣ್ಣು ಮುಚ್ಚಿ ತನ್ನದನ್ನು ಕುಡಿದಳು, ಅದೇ ಉಸಿರಿಗೆ ನನ್ನದನ್ನೂ.

"ನಿನ್ ಪಾಲಿಂದೂ ನಾನೇ ಕುಡ್ದೆ. ಇನ್ನ್ ಹೋಯಿ ಎತ್ತ್ ಕಾಂಬ!"

ಬೆಳಗಿಡೀ ಹೊಟ್ಟೆ ಹಿಡಿದುಕೊಂಡು ತೇಗಿದಳು, ನನಗೆ ಬೈದಳು, ಡಾಕ್ಟರಿಗೂ ಬೈದಳು. ಬಸ್ಸು ಹತ್ತಿಸಲು ಬಂದವಳು ಕಿಟಕಿಯ ಸರಳು ಹಿಡಿದು, ಬಸ್ಸಿಗೆ ಬಸ್ಸೇ ಕೇಳುವ ಹಾಗೆ ಹೇಳಿದಳು:

"ಪರೀಕ್ಷೆ ಮಾಡೋರ್ ಕೇಂಡ್ರೆ ಹೆದರ್ಬೇಡ. ನನ್ನಮ್ಮ ನಂಗೆ ಎಂತದೂ ಕೊಡ್ಲಿಲ್ಲೆ ಅಂದ್ ಹೇಳ್."

ಬಸ್ಸಿನವರೆಲ್ಲ ನಕ್ಕರು. ನನಗೆ ಅಳು ಬಂತು.