ಉತ್ತರಾಣಿ ಕಷಾಯ ಮತ್ತು ಬೆಳ್ಳಿ ನೈಟ್ರೇಟು

ಕಳೆದ ವಾರವೆಲ್ಲ ಸಿಂಧನೂರಿನ ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಕಷಾಯದ ವಾಸನೆ ತುಂಬಿತ್ತು. ಯಾರಿಗೂ ನೆಗಡಿಯಾಗಿರಲಿಲ್ಲ. ಸಾಲಗುಂದದ ನಾಗವೇಣಿ ಎಂಬ ಎಂ.ಎಸ್ಸಿ. ವಿದ್ಯಾರ್ಥಿನಿ ನನ್ನ ಮಾರ್ಗದರ್ಶನದಲ್ಲಿ ಉತ್ತರಾಣಿ ಎಲೆ ಕುದಿಸುತ್ತಿದ್ದಳು. ಆ ಕಷಾಯಕ್ಕೆ ಬೆಳ್ಳಿ ನೈಟ್ರೇಟಿನ ದ್ರಾವಣ ಬೆರೆಸಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿ ಕಣಗಳು, ಅಂದರೆ ನ್ಯಾನೋ ಬೆಳ್ಳಿ, ಹುಟ್ಟಬೇಕು. ದ್ರಾವಣ ಕಂದುಬಣ್ಣಕ್ಕೆ ತಿರುಗಬೇಕು. ಅದರ ಮೇಲೊಂದು ಸಂಶೋಧನಾ ಲೇಖನ ಅಚ್ಚಾಗಬೇಕು, ನನಗೆ ಬಡ್ತಿ ಸಿಗಬೇಕು. ಲೇಖನವೊಂದು ಕಡಿಮೆ ಬಿದ್ದು ನನ್ನ ಬಡ್ತಿ ನಿಂತಿದೆ.

ಎಲೆಗಳ ಸಂಗತಿ ಕೇಳಬೇಡಿ. ಬೇವು, ತುಳಸಿ, ನುಗ್ಗೆ, ಪಪ್ಪಾಯಿ ಎಲ್ಲವನ್ನೂ ನಮಗಿಂತ ಹಿಂದಿನವರು ಕುದಿಸಿ ಮುಗಿಸಿದ್ದಾರೆ. ಬೇಲಿಯಲ್ಲಿ ಹೊಸ ಗಿಡ ಕಂಡರೆ ಜನ ಹೂವು ನೋಡುತ್ತಾರೆ. ನಾವು ಇದನ್ನು ಯಾರಾದರೂ ಕುದಿಸಿದ್ದಾರೋ ಎಂದು ಮೊಬೈಲು ನೋಡುತ್ತೇವೆ.

ಈ ವಾಸನೆ ಮೂಗಿಗೆ ಬಡಿದಾಗಲೆಲ್ಲ ಲಿಂಗಸುಗೂರಿನಲ್ಲಿ ನಾನು ಎಂ.ಎಸ್ಸಿ. ಓದುತ್ತಿದ್ದ ದಿನಗಳು ನೆನಪಾಗುತ್ತವೆ. ಅಲ್ಲಿನ ವಿಭಾಗದ ಮುಖ್ಯಸ್ಥರನ್ನು ದೊಡ್ಡ ಸರ್ ಎನ್ನೋಣ. ಬೆಳ್ಳಿ ನೈಟ್ರೇಟಿನ ಕಂದು ಬಾಟಲಿ ಅವರ ಕಪಾಟಿನಲ್ಲಿ, ಬೀಗದೊಳಗೆ ವಾಸವಾಗಿತ್ತು. ದಸರೆಗೆ ಹೊರಬಂದು ಕುಂಕುಮ ಹಚ್ಚಿಸಿಕೊಂಡು ಮತ್ತೆ ಒಳಗೆ ಹೋಗುತ್ತಿತ್ತು. ಪ್ರಯೋಗಕ್ಕೆ ಬೇಕಾದಾಗ ಸರ್ ತಾವೇ ಚಿಟಿಕೆಯಷ್ಟು ತೂಗಿ ಕೊಡುತ್ತಿದ್ದರು. ನೀರು ಬಟ್ಟಿ ಇಳಿಸುವ ಯಂತ್ರವೂ ಇತ್ತು, ತಪಾಸಣೆಗೆ ಬಂದವರಿಗೆ ತೋರಿಸಲು. ನಾವು ಬಳಸುತ್ತಿದ್ದದ್ದು ಬೋರಿನ ನೀರು. ನೈಟ್ರೇಟು ಚರ್ಮಕ್ಕೆ ತಾಗಿದರೆ ಕಪ್ಪು ಕಲೆ. ಓಟು ಹಾಕಿದಾಗ ಬೆರಳಿಗೆ ಬಳಿಯುವ ಶಾಯಿಯಲ್ಲಿರುವುದೂ ಅದೇ. ಒಮ್ಮೆ ಮುದಗಲ್ ಬಸ್ಸಿನ ಕಂಡಕ್ಟರ್ ನನ್ನ ಕೈ ನೋಡಿ, “ಏನಕ್ಕಾರ, ಹತ್ತೂ ಬೆರಳಿಗಿ ಒಂದೊಂದು ಓಟು ಹಾಕೀರೇನು?” ಎಂದ. ವಿಜ್ಞಾನಿಯಾದೆನೆಂಬ ನನ್ನ ಜಂಬ ಅಲ್ಲೇ ಇಳಿಯಿತು.

ಆ ಬಸ್ಸಿನಲ್ಲಿ ನನ್ನ ಪಕ್ಕ ಕೂಡುತ್ತಿದ್ದವಳು ಸಹಪಾಠಿ ರಜಿಯಾ. ದೊಡ್ಡ ಸರ್ ಅವಳನ್ನು ಪಿಎಚ್.ಡಿ.ಗೆ ತೆಗೆದುಕೊಳ್ಳುವುದಾಗಿ ಮಾತು ಕೊಟ್ಟಿದ್ದರು. ಅವಳಿಗೆ ಅದಕ್ಕಿಂತ ದೊಡ್ಡ ಆಸೆ ಇರಲಿಲ್ಲ. ಒಂದು ದಿನ ಅವಳು ಎಲೆಯ ರಸಕ್ಕೆ ನೈಟ್ರೇಟು ಹಾಕಿದಾಗ ದ್ರಾವಣ ಕಂದಾಗುವ ಬದಲು ಹಾಲಿನಂತೆ ಬೆಳ್ಳಗಾಯಿತು. ಸರ್ ಕನ್ನಡಕ ಏರಿಸಿ, “ಬಂತು ನೋಡ್ರಿ! ಇದು ಬಿಳಿ ನ್ಯಾನೋ. ಇನ್ನೂ ಯಾರೂ ಮಾಡಿಲ್ಲ” ಎಂದು ಘೋಷಿಸಿ ಎಲ್ಲರಿಗೂ ಮಿರ್ಚಿ ಭಜಿ ತರಿಸಿದರು. ಭಜಿ ಬಿಸಿಯಾಗಿತ್ತು. ನಾನು ಸಂಶಯಪಡುವ ಗೋಜಿಗೆ ಹೋಗಲಿಲ್ಲ.

ರಜಿಯಾ ಮಾತ್ರ ಎಲೆಯ ರಸ ಬಿಟ್ಟು ಬರೀ ನೀರಿಗೆ ನೈಟ್ರೇಟು ಹಾಕಿ ನೋಡಿದಳು. ಅದೂ ಬೆಳ್ಳಗಾಯಿತು.

“ಸರ, ಎಲಿ ಹಾಕಲಾರ್ದ ಇಟ್ಟಿದ್ದೂ ಬೆಳ್ಳಗಾಗೈತ್ರಿ. ಬೋರಿನ ನೀರಾಗ ಉಪ್ಪೈತ್ರಿ, ಅದು ನೈಟ್ರೇಟಿಗಿ ಕೂಡಿದ್ರ ಹಿಂಗ ಬೆಳ್ಳಗಾಗತೈತ್ರಿ.”

“ಎಲಿ ಹಾಕಲಾರ್ದ ನೋಡಂತ ನಿನಗ ಯಾರು ಹೇಳಿದ್ರು?”

ವಿಜ್ಞಾನದ ಬುಡಕ್ಕೇ ಕೊಡಲಿ ಹಾಕುವ ಪ್ರಶ್ನೆಯನ್ನು ಇಷ್ಟು ಚುಟುಕಾಗಿ ಮತ್ತಾರೂ ಕೇಳಿದ್ದು ನನಗೆ ಗೊತ್ತಿಲ್ಲ.

ರಜಿಯಾ ಕಂಡದ್ದನ್ನೇ ತನ್ನ ಪ್ರಾಜೆಕ್ಟ್ ವರದಿಯಲ್ಲಿ ಬರೆದಳು. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಪರೀಕ್ಷಕರು, “ಹಂಗಾರ ನಿನ್ನ ಶೋಧ ಏನವ್ವಾ?” ಎಂದರು. “ನಮ್ಮ ಕಾಲೇಜಿನ ಬೋರಿನ ನೀರು ಉಪ್ಪೈತ್ರಿ” ಎಂದಳು. ಎಲ್ಲರೂ ನಕ್ಕರು. ಅವಳಿಗೆ ಪಾಸಾಗುವಷ್ಟು ಅಂಕ ಬಂತು, ಪಿಎಚ್.ಡಿ.ಯ ಮಾತು ಮತ್ತೆ ಯಾರೂ ಎತ್ತಲಿಲ್ಲ. ಬಿಳಿ ನ್ಯಾನೋ ಅವಳ ಹೆಸರಿಲ್ಲದೆ ಅಚ್ಚಾಯಿತು, ದೊಡ್ಡ ಸರ್ ಬಡ್ತಿ ಪಡೆದರು, ನಾವು ಹಾರ ಹಾಕಿದೆವು. ರಜಿಯಾ ಈಗ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಅವಳ ಧೈರ್ಯವನ್ನು ನಾನು ತರಗತಿಗಳಲ್ಲಿ, ಮದುವೆ ಪಂಕ್ತಿಗಳಲ್ಲಿ ಬಾಯಿತುಂಬ ಹೊಗಳುತ್ತ ಬಂದಿದ್ದೇನೆ. ಹೊಗಳುವುದಕ್ಕೆ ನನಗೇನೂ ಖರ್ಚಿರಲಿಲ್ಲ.

ನಿನ್ನೆ ಸಂಜೆ ನಾಗವೇಣಿ ಎರಡು ಗಾಜಿನ ನಳಿಕೆ ಹಿಡಿದು ನನ್ನ ಮೇಜಿನ ಮುಂದೆ ನಿಂತಳು. ಎರಡರಲ್ಲೂ ಒಳ್ಳೆಯ ಕಂದುಬಣ್ಣ. ನನ್ನ ಜೀವ ಹೂವಾಯಿತು.

“ಮೇಡಂ, ಇದರಾಗ ನೈಟ್ರೇಟ್ ಹಾಕೀನ್ರಿ. ಇದರಾಗ ಹಾಕಿಲ್ರಿ, ಬರೇ ಕಷಾಯ ಬಿಸಿಲಿಗಿ ಇಟ್ಟಿದ್ದೆ. ಎರಡೂ ಒಂದ ಬಣ್ಣ ಆಗ್ಯಾವ್ರಿ.”

ಅಂದರೆ ಆ ಕಂದು ಬೆಳ್ಳಿಯದಲ್ಲ, ಕಷಾಯದ್ದೇ. ಎರಡನೆಯ ನಳಿಕೆ ಇಡಲು ಇವಳಿಗೆ ಯಾರು ಹೇಳಿದರು ಎಂದು ನನಗೆ ಉರಿದುಹೋಯಿತು. ಇಷ್ಟು ವರ್ಷ ನಾನು ಗೇಲಿ ಮಾಡಿದ ದೊಡ್ಡ ಸರ್ ಆ ಕ್ಷಣಕ್ಕೆ ಒಡಹುಟ್ಟಿದ ಅಣ್ಣನಂತೆ ಕಂಡರು.

“ಏನಂತ ಬರೀಲ್ರಿ ಮೇಡಂ?”

ಹುಡುಗಿ ನಿಜವಾಗಿಯೂ ಕೇಳುತ್ತಿದ್ದಳು. ನಾನು ಏನು ಹೇಳಿದರೂ ಹಾಗೇ ಬರೆಯುತ್ತಿದ್ದಳು. ಅದೇ ನನಗೆ ಹೆದರಿಕೆ ಹುಟ್ಟಿಸಿತು.

“ಕಂಡಿದ್ದು ಬರಿ” ಎಂದೆ. ಗಂಟಲಿನಿಂದ ಹೊರಟದ್ದು ಮೆಚ್ಚುಗೆಯ ದನಿಯಲ್ಲ, ಬೈಗುಳದ ದನಿ.

ಈ ವರ್ಷದ ಬಡ್ತಿ ಹೋಯಿತು. ಮಸ್ಕಿಗೆ ಮರಳುವ ಬಸ್ಸಿನಲ್ಲಿ, ಮನೆ ಮುಟ್ಟುವವರೆಗೂ, ಆ ಹುಡುಗಿಯ ಮೇಲೆ ನನಗೆ ಸಿಟ್ಟಿತ್ತು.