ಗಬ್ಬದ ಕುರಿ ಕಾಯ್ದ ಮಾಯಪ್ಪ ಕಾಕಾ

ಮಾಯಪ್ಪ ಕಾಕಾ ನಾಲಗೆಯನ್ನು ಅಂಗುಳಕ್ಕೆ ಬಡಿದು ಒಮ್ಮೆ ‘ಟಕ್’ ಎನಿಸಿದರೆ ಮೇಯುತ್ತಿದ್ದ ಹಿಂಡೆಲ್ಲ ಕತ್ತೆತ್ತಿ ಅವನ ಕಡೆ ತಿರುಗುತ್ತಿತ್ತು. ಇಷ್ಟೇ ಆಗಿದ್ದರೆ ಮಾಡಗ್ಯಾಳದ ಒಬ್ಬ ಒಳ್ಳೆಯ ಕುರಿಗಾರ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಆ ಮಹಾಶಯ ಹೆಂಡತಿಯನ್ನು, ಮಗನನ್ನು, ಸೊಸೆಯನ್ನು ಕರೆಯುವುದಕ್ಕೂ ಅದೇ ಸದ್ದನ್ನು ಬಳಸುತ್ತಿದ್ದ. ಹೆಸರು ಹಿಡಿದು ಕರೆಯುವ ದುಂದುವೆಚ್ಚ ಅವನಿಗೆ ಒಗ್ಗದು. ಮನೆಯವರೂ ತಿರುಗುತ್ತಿದ್ದರು. ಬದಿಮನೆಯವನಾದ ನಾನೂ ಒಂದೆರಡು ಸಲ ತಿರುಗಿದ್ದುಂಟು.

ಅವನ ಇನ್ನೊಂದು ಹಿರಿಮೆ ಟಗರುಗಳ ಮೂಗು. ಗಿಣಿಯ ಕೊಕ್ಕಿನಂತೆ ಬಾಗಿದ ಮೂಗಿನ ಮರಿ ಹುಟ್ಟಿತೆಂದರೆ ನೋಡಲು ಜನ ಕಾರು ಮಾಡಿಕೊಂಡು ಬರುತ್ತಿದ್ದರು. ಅಂಥ ಮರಿ ಹೊಟ್ಟೆಯಲ್ಲಿದ್ದಾಗ ಕಾಕಾ ನಡೆಸುತ್ತಿದ್ದ ಬಂದೋಬಸ್ತು ದೊಡ್ಡ ದವಾಖಾನೆಗಳಿಗೂ ಪಾಠವಾಗಬೇಕು. ಒಮ್ಮೆ ಸನಮಡಿಯ ಕಡೆ ಕುರಿಗಳಿಗೆ ಜ್ವರದ ಬೇನೆ ಬಿತ್ತು. ಕಾಕಾ ಗಬ್ಬದ ಕುರಿಗಳನ್ನೆಲ್ಲ ಬೇರೆ ದಡ್ಡಿಯಲ್ಲಿ ಕೂಡಿಹಾಕಿ ಸುತ್ತ ಮುಳ್ಳುಬೇಲಿ ಬಡಿದ. ಆ ಊರಿಂದ ಬಂದ ಹೆಂಡತಿಯ ತಮ್ಮನನ್ನು ಬಿಸಿಲಲ್ಲಿ ನಿಲ್ಲಿಸಿ, ಕೈಕಾಲು ತೊಳೆಸಿ, ಆಮೇಲೂ ಒಳಗೆ ಬಿಡದೆ ಬೇಲಿಯಾಚೆಗೇ ಚಹಾ ಕೊಟ್ಟ.

“ನಿನಗ ಏನೂ ಆಗಿಲ್ಲ ಖರೆ. ಬ್ಯಾನಿ ಮೈಮ್ಯಾಲೆ ಕುಂತು ಬರ್ತದ. ತಾಯಿಕುರಿ ತಡಕೋತದೋ ಮಾರಾಯಾ, ಹೊಟ್ಟ್ಯಾಗಿನ ಮರಿ ಕೆಡ್ತದ,” ಎಂದು ಬೋಧಿಸಿದ. ಆ ಬಡಪಾಯಿ ಚಹಾ ಆರಿಸಿಕೊಳ್ಳುತ್ತ ಒಪ್ಪಿದ.

ಮುಂದಿನ ವರ್ಷ ಸೊಸೆ ಸುರೇಖಾ ಎರಡು ತಿಂಗಳ ಬಸುರಿ. ಬೆಳುಂಕಿಯಲ್ಲಿದ್ದ ಕಾಕಾನ ಮಗಳ ಮನೆಯ ಕೂಸಿಗೆ ಮೈತುಂಬ ಕೆಂಪು ಗುಳ್ಳೆ ಎದ್ದವು. ಅಮ್ಮ ಬಂದಿದ್ದಾಳೆ, ಬಸುರಿ ಹೋಗಿ ಮೊಸರನ್ನದ ಎಡೆ ಹಿಡಿದು ಆಶೀರ್ವಾದ ಬೇಡಲಿ ಎಂದು ಕಾಕಾ ತೀರ್ಪು ಕೊಟ್ಟ. ಸುದ್ದಿ ತಿಳಿದು ಊರಿನ ಆಶಾ ಕಾರ್ಯಕರ್ತೆ ಶೋಭಾತಾಯಿ ಓಡಿಬಂದಳು. ಅದು ದಡಾರದಂಥದೇ ರುಬೆಲ್ಲಾ ಎಂದು ದವಾಖಾನೆಯವರಿಗೆ ಸಂಶಯವಿದೆ. ಆಡುವ ಮಕ್ಕಳಿಗೆ ಅದು ಮೂರು ದಿನದ ಮಾತು, ಬಸುರಿಗೆ ಮೊದಲ ತಿಂಗಳುಗಳಲ್ಲಿ ತಗುಲಿದರೆ ಹೊಟ್ಟೆಯ ಕೂಸಿನ ಕಿವಿ, ಕಣ್ಣು, ಹೃದಯಕ್ಕೆ ಪೆಟ್ಟಾಗಬಹುದು. ಸುರೇಖಾಗೆ ಸಣ್ಣವಳಿದ್ದಾಗ ಅದರ ಲಸಿಕೆಯೂ ಆಗಿಲ್ಲ ಎಂದು ತಿಳಿಹೇಳಿದಳು.

“ಗಬ್ಬದ ಕುರೀನ ಬ್ಯಾರೆ ಕಟ್ಟಿದವರು ನೀವ ಅಲ್ರಿ ಕಾಕಾರ?” ಎಂದೂ ಕೇಳಿದಳು.

ಕಾಕಾ ಮೀಸೆ ಸವರಿಕೊಂಡ. “ಕುರಿಗೆ ರೋಗ ಬರ್ತದವಾ. ಮನಷ್ಯಾರಿಗೆ ದೇವಿ ಬರ್ತಾಳ. ಎರಡೂ ಒಂದ ಅಂತ ಯಾವ ಸಾಲ್ಯಾಗ ಕಲ್ತಿ?”

ಈ ಮಹಾಸಿದ್ಧಾಂತಕ್ಕೆ ಶೋಭಾತಾಯಿಯಲ್ಲಿ ಉತ್ತರವಿತ್ತು. ಕೇಳಿಸಿಕೊಳ್ಳುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಸುರೇಖಾ ಗಂಡನ ಮುಖ ನೋಡಿದಳು. ಗಂಡ ಮೋಟರ್‌ಸೈಕಲ್ ಒರೆಸತೊಡಗಿದ. ಕಾಕಾ ‘ಟಕ್’ ಎನಿಸಿದ. ಅವಳು ಎಡೆಯ ಡಬ್ಬಿ ಹಿಡಿದು ಹಿಂದಿನ ಸೀಟಿನಲ್ಲಿ ಕುಳಿತಳು.

ಕೆಲವು ವಾರಗಳಲ್ಲಿ ಅವಳ ಮೈಮೇಲೂ ನಾಲ್ಕು ಕೆಂಪು ಚುಕ್ಕಿ ಕಂಡು ಮಾಯವಾದವು. ದೇವಿ ತನ್ನ ಮನೆಗೂ ಹಣಿಕಿ ಹಾಕಿದಳೆಂದು ಕಾಕಾ ಓಣಿಗೆಲ್ಲ ಹೋಳಿಗೆ ಹಂಚಿದ. ನಾನೂ ತಿಂದೆ, ಹೋಳಿಗೆಯ ಮೇಲೆ ನನ್ನದೇನೂ ದೂರಿಲ್ಲ. ಜತ್ತದ ಡಾಕ್ಟರಬಾಯಿ ರಕ್ತ ತಪಾಸಿಸಿ, ರುಬೆಲ್ಲಾ ತಗುಲಿದ್ದು ನಿಜ, ಅಪಾಯ ದೊಡ್ಡದು, ಆದರೂ ಕೂಸಿಗೆ ಏನೂ ಆಗದೆಯೂ ಇರಬಹುದು ಎಂದರು. ಇಷ್ಟು ಮಾತಿನಲ್ಲಿ ಕಾಕಾ ಕೊನೆಯದನ್ನು ಮಾತ್ರ ಆರಿಸಿಕೊಂಡ.

ಹೆಣ್ಣುಮಗು ಹುಟ್ಟಿತು. ಮೂಗು ಚೆಂದವಿದೆ ಎಂದು ಕಾಕಾ ತಪಾಸಣೆ ಮುಗಿಸಿ ಸರ್ಟಿಫಿಕೇಟು ಕೊಟ್ಟ.

ನಾನು ಅವನನ್ನು ಕೊನೆಗೆ ನೋಡಿದ್ದು ಊರು ಬಿಟ್ಟು ಜತ್ತಕ್ಕೆ ಮನೆ ಬದಲಿಸಿದ ದಿನ. ಹೇಳಿಹೋಗಲೆಂದು ಅವನ ಅಂಗಳಕ್ಕೆ ಹೋದೆ. ಕೂಸು ಆಗಲೇ ಕೂರುವುದನ್ನು ಕಲಿತಿತ್ತು. ಕಂಬಳಿಯ ಮೇಲೆ ಅತ್ತ ಮುಖ ಮಾಡಿ ಕುಳಿತು ನೂಲು ಕೀಳುತ್ತಿತ್ತು. ಕಾಕಾ ಅದರ ಹಿಂದೆ ನಿಂತು ‘ಟಕ್’ ಎನಿಸಿದ. ದಡ್ಡಿಯ ಕುರಿಗಳು ತಿರುಗಿದವು. ನಾಯಿ ತಿರುಗಿತು. ಮತ್ತೊಮ್ಮೆ ಎನಿಸಿದ. ಬಾಯಿ ಒಣಗುವವರೆಗೂ ಎನಿಸಿದ. ಕೂಸು ಕಂಬಳಿಯ ನೂಲು ಬಿಡಲಿಲ್ಲ.

“ಸಾಕ್ರಿ ಮಾವಾರ,” ಎಂದಳು ಸುರೇಖಾ. “ಕುರಿಗೋಳಿಗೆ ಕೇಳ್ಯದ.”

ಕೂಸಿನ ಕಿವಿ ತೋರಿಸಲು ಸಾಂಗಲಿಗೆ ಹೊರಟು ಅವಳು ಚೀಲ ಕಟ್ಟಿದ್ದಳು. ಶೋಭಾತಾಯಿ ಬಾಗಿಲಲ್ಲಿ ಕಾಯುತ್ತಿದ್ದಳು. ಯಾರ ಅಪ್ಪಣೆಯನ್ನೂ ಬೇಡಿದಂತೆ ಕಾಣಲಿಲ್ಲ. ಕೂಸನ್ನು ಕಂಕುಳಿಗೇರಿಸಿಕೊಂಡು ಇಬ್ಬರೂ ಬಸ್ಸಿನ ಹಾದಿ ಹಿಡಿದರು. ಕಾಕಾನಿಗೆ ಏನೋ ಹೇಳುವುದಿತ್ತು. ಹೆಸರು ಹಿಡಿದು ಕರೆಯುವ ರೂಢಿ ಇಲ್ಲವಲ್ಲ. ಹಿಂದಿನಿಂದ ‘ಟಕ್’ ಎನಿಸಿದ.

ಕುರಿಗಳು ಮತ್ತೆ ತಿರುಗಿದವು. ಅಭ್ಯಾಸಬಲದಿಂದ ನಾನೂ ತಿರುಗಿದೆ. ಸುರೇಖಾ ತಿರುಗಲಿಲ್ಲ.