ಗೆರೆ ಕಡಿಮೆ ಇದ್ದವರು

ಚಾಮರಾಜಪೇಟೆಯ ಮನೆಯಿಂದ ಮಲ್ಲೇಶ್ವರದ ಆಫೀಸಿಗೆ ಮೀನಾ ಇಪ್ಪತ್ತು ವರ್ಷಕ್ಕೂ ಮೇಲೆ ಓಡಾಡಿದ್ದಾಳೆ. ಮೊದಲು ಬಸ್ಸಿನಲ್ಲಿ, ಈಗ ಮಾರ್ಕೆಟ್ ಸ್ಟೇಷನ್ನಿನಿಂದ ಮೆಟ್ರೋದಲ್ಲಿ. ಜೊತೆಗೆ ಕೆಲಸಕ್ಕೆ ಸೇರಿದವರೆಲ್ಲ ಹೊಸ ಹೊಸ ತಂತ್ರಜ್ಞಾನದ ಹಿಂದೆ ಹೋದರೂ ಅವಳು ಮೇನ್‌ಫ್ರೇಮ್ ಬಿಡಲಿಲ್ಲ. ಬ್ಯಾಂಕು, ವಿಮಾ ಕಂಪನಿಗಳ ವ್ಯವಹಾರವನ್ನೆಲ್ಲ ಹೊತ್ತು ಎಲ್ಲೋ ದೂರದ ದೇಶದಲ್ಲಿ ಕೂತಿರುವ ದೊಡ್ಡ ಕಂಪ್ಯೂಟರ್ ಅದು. "ಹಳೇದು ಹಳೇದು ಅಂತ ಆಡ್ಕೋತಾರೆ. ಅರ್ಧ ಗಂಟೆ ನಿಲ್ಲಲಿ, ಗೊತ್ತಾಗುತ್ತೆ," ಎನ್ನುತ್ತಿದ್ದಳು.

ಆ ಯಂತ್ರದಲ್ಲಿ ಓಡುವ ಪ್ರತಿಯೊಂದು ಪ್ರೋಗ್ರಾಮಿಗೂ ಪ್ರತಿಯೊಂದು ಫೈಲಿಗೂ ಒಂದು ಡೆಫಿನಿಷನ್ ಇರಬೇಕು. ಅದರ ಹೆಸರೇನು, ಅದು ಎಲ್ಲಿದೆ, ಹೇಗೆ ನಡೆದುಕೊಳ್ಳಬೇಕು ಎಂದು ಯಂತ್ರಕ್ಕೆ ಹೇಳುವ ವಿವರ. ಡೆಫಿನಿಷನ್‌ಗಳು ಸೇರಿ ಗುಂಪು, ಗುಂಪುಗಳು ಸೇರಿ ಇನ್ನೂ ದೊಡ್ಡ ಗುಂಪು. ಒಂದೇ ಡೆಫಿನಿಷನ್ನು ಹತ್ತು ಕಡೆ ಸೇರಿಕೊಂಡಿರಬಹುದು. ಮೀನಾಳ ತಂಡ ನೋಡಿಕೊಳ್ಳುತ್ತಿದ್ದ ವಿಮಾ ಕಂಪನಿಯ ಯಂತ್ರದಲ್ಲಿ ಇಂಥವು ಸಾವಿರಾರು ಇದ್ದವು. ಯಾರ್ಯಾರೋ ಸೇರಿಸಿ, ಯಾರೂ ತೆಗೆಯದೆ ಬಿಟ್ಟಂಥವು. ಒಮ್ಮೆ ಯಾರಿಗೂ ಬೇಡವೆನಿಸಿದ್ದ ಒಂದು ಫೈಲಿನ ಡೆಫಿನಿಷನ್ ಅಳಿಸಿದ್ದಕ್ಕೆ ಒಂದು ಬೆಳಗ್ಗೆಯೆಲ್ಲ ಆ ದೇಶದ ಆಸ್ಪತ್ರೆಗಳಿಗೆ ವಿಮೆಯ ಒಪ್ಪಿಗೆ ಹೋಗದೆ ನಿಂತುಬಿಟ್ಟಿತ್ತು.

ಆಗಲೇ ಮೀನಾಗೆ ನಕ್ಷೆಯ ಯೋಚನೆ ಬಂದದ್ದು. ಪರದೆಯ ಮೇಲೆ ಒಂದು ಡೆಫಿನಿಷನ್ನಿನ ಹೆಸರು ಒತ್ತಿದರೆ ಅದು ಯಾವ ಯಾವ ಗುಂಪಿನಲ್ಲಿದೆ, ಅದನ್ನು ನೆಚ್ಚಿಕೊಂಡಿರುವುದು ಯಾವುದು, ಅಳಿಸಿದರೆ ಏನೇನು ಉರುಳುತ್ತದೆ ಎಲ್ಲ ಕಾಣಬೇಕು. ಒಂದೊಂದಕ್ಕೆ ಒಂದೊಂದು ಚೌಕ, ಸಂಬಂಧವಿದ್ದಲ್ಲೆಲ್ಲ ಗೆರೆ. ಅದರ ಪ್ರೋಗ್ರಾಮ್ ಬರೆಯಲು ಅವಳಿಗೆ ಸುಮಾರು ಒಂದು ವರ್ಷ ಹಿಡಿಯಿತು.

ಜೊತೆಗಿದ್ದವನು ಧರ್ಮೇಂದ್ರ. ವೈಯಾಲಿಕಾವಲ್‌ನ ಹುಡುಗ, ಮೂವತ್ತೈದರ ಆಸುಪಾಸು. ತಾಯಿ ನರಸಮ್ಮ ಮಲ್ಲೇಶ್ವರದ ಮಾರ್ಕೆಟ್ಟಿನಲ್ಲಿ ತರಕಾರಿ ಅಂಗಡಿ ಇಟ್ಟಿದ್ದರು. ತನ್ನ ಪಾಲಿಗೆ ಬಂದ ಡೆಫಿನಿಷನ್‌ಗಳನ್ನು ಅವನು ಸೊಪ್ಪು ಬಿಡಿಸಿದ ಹಾಗೆ ಬಿಡಿಸಿ ಇಟ್ಟಿದ್ದ. ಬೇಡದ್ದನ್ನು ಕಿತ್ತುಹಾಕಿ, ಸುಮ್ಮನೆ ಒಂದಕ್ಕೊಂದು ಅಂಟಿಕೊಂಡಿದ್ದನ್ನು ಬೇರೆ ಮಾಡಿ, ಎಲ್ಲ ಚೊಕ್ಕಟ. ನಕ್ಷೆಯಲ್ಲಿ ಅವನ ಭಾಗ ಮೂಡಿದಾಗ ಮೀನಾ ಸಂತೋಷದಿಂದ, "ನೋಡೋ, ಎಷ್ಟು ಚೆನ್ನಾಗಿದೆ! ಒಂದೊಂದು ಚೌಕಕ್ಕೆ ಒಂದೇ ಗೆರೆ," ಎಂದಿದ್ದಳು. ಪಕ್ಕದಲ್ಲೇ ವೆಂಕಟಾಚಲನ ಭಾಗ ಇತ್ತು. ವೆಂಕಟಾಚಲ ಅವರೆಲ್ಲರಿಗಿಂತ ಹಳಬ. ಹೊಸದು ಬೇಕೆಂದಾಗಲೆಲ್ಲ ಹಳೆಯದಕ್ಕೇ ತೇಪೆ ಹಾಕುತ್ತಿದ್ದವನು. ಅವನ ಚೌಕಗಳಿಂದ ಹೊರಟ ಗೆರೆಗಳು ಬಚ್ಚಲ ಜಾಲರಿಗೆ ಸಿಕ್ಕಿಕೊಂಡ ಕೂದಲಿನ ಹಾಗಿದ್ದವು.

ಮ್ಯಾನೇಜರ್ ಆತ್ರೇಯ ನಕ್ಷೆ ನೋಡಿ ಕುರ್ಚಿಯಿಂದ ಎದ್ದೇಬಿಟ್ಟ. "ಸೂಪರ್ ಮೇಡಂ! ಒಂದು ಸಣ್ಣ ಕೆಲಸ. ಪ್ರತಿ ಚೌಕದಲ್ಲೂ ಅದನ್ನ ನೋಡ್ಕೊಳ್ಳೋರ ಹೆಸರು ಹಾಕ್ಬಿಡಿ. ಏನಾದ್ರೂ ಆದ್ರೆ ಯಾರಿಗೆ ಫೋನ್ ಮಾಡ್ಬೇಕು ಅಂತ ಗೊತ್ತಾಗುತ್ತೆ."

ಮಾತು ಸರಿಯೆನಿಸಿತು. ಮೀನಾ ಹಾಕಿದಳು.

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ತಂಡದ ಕೆಲವರನ್ನು ಒಬ್ಬೊಬ್ಬರಾಗಿ ಮೂಲೆಯ ಸಣ್ಣ ಕೋಣೆಗೆ ಕರೆದರು. ಧರ್ಮೇಂದ್ರ ಒಳಗೆ ಹೋಗಿ ಬಂದವನೇ ತನ್ನ ಮೇಜಿನ ಮೇಲಿದ್ದ ಟಿಫಿನ್ ಡಬ್ಬಿ, ಚಾರ್ಜರ್ ಬ್ಯಾಗಿಗೆ ಹಾಕಿಕೊಳ್ಳತೊಡಗಿದ. ಮೀನಾ ಹತ್ತಿರ ಹೋದಳು.

"ಏನಾಯ್ತೋ?"

"ನಾಳೆಯಿಂದ ಬರೋದು ಬೇಡ್ವಂತೆ ಮೇಡಂ."

"ಯಾಕಂತೆ?"

"ನಿಮ್ಮ ನಕ್ಷೆ ತೋರಿಸಿದ್ರು. ನನ್ನ ಹೆಸರಿರೋ ಕಡೆ ಗೆರೆ ಕಡಿಮೆ ಇದೆಯಂತೆ. ನನ್ನ ಮೇಲೆ ಏನೂ ಜಾಸ್ತಿ ನಿಂತಿಲ್ವಂತೆ." ಬ್ಯಾಗಿನ ಜಿಪ್ ಎಳೆದು, ಅವಳ ಮುಖ ನೋಡದೆ ಲಿಫ್ಟಿನ ಕಡೆ ನಡೆದ.

ಮೀನಾ ನೇರ ಆತ್ರೇಯನ ಕೋಣೆಗೆ ನುಗ್ಗಿದಳು. ಅವನು ಖಾರದ ಮಿಕ್ಸ್ಚರಿನ ಪೊಟ್ಟಣ ಬಿಚ್ಚಿಕೊಂಡು, ಅದರಲ್ಲಿನ ಗೋಡಂಬಿಯನ್ನು ಮಾತ್ರ ಆರಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದ.

"ಆತ್ರೇಯ, ಗೆರೆ ಕಡಿಮೆ ಇದೆ ಅಂದ್ರೆ ಕೆಲಸ ಕಡಿಮೆ ಅಂತಲ್ಲ. ಅವನು ಕ್ಲೀನ್ ಮಾಡಿಟ್ಟಿದಾನೆ, ಅದಕ್ಕೆ ಕಡಿಮೆ."

"ಗೊತ್ತು ಮೇಡಂ."

"ಗೊತ್ತಿದ್ದೂ?"

"ಕೂತ್ಕೊಳ್ಳಿ. ಇಷ್ಟು ಜನರನ್ನ ಕಡಿಮೆ ಮಾಡಿ ಅಂತ ಮೇಲಿಂದ ಬಂತು. ಯಾಕೆ ಇವರೇ ಅಂತ ಕೇಳಿದ್ರೆ ನಾನು ಏನಾದ್ರೂ ತೋರಿಸ್ಬೇಕಲ್ಲ? ಚಿತ್ರ ಇದ್ರೆ ಯಾರೂ ಪ್ರಶ್ನೆ ಕೇಳಲ್ಲ."

"ವೆಂಕಟಾಚಲ ಅವರು ಅಲ್ಲಿ ಎಷ್ಟು ಗಲೀಜು ಮಾಡಿಟ್ಟಿದಾರೆ, ನೋಡಿದೀರಾ?"

"ಅದಕ್ಕೇ ಅಲ್ವಾ ಅವರನ್ನ ತೆಗೆಯೋಕೆ ಆಗಲ್ಲ!" ಆತ್ರೇಯ ನಕ್ಕ. ಹಲ್ಲಿನ ಸಂದಿಯಲ್ಲಿ ಹಳದಿ ಹಿಟ್ಟು ಮೆತ್ತಿಕೊಂಡಿತ್ತು. ಪೊಟ್ಟಣವನ್ನು ಅವಳ ಕಡೆ ತಳ್ಳಿ, "ತಗೊಳ್ಳಿ ಮೇಡಂ," ಎಂದ.

ಅವಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಸಿಟ್ಟಲ್ಲ. ಅವನ ಬೆರಳಿನ ಎಣ್ಣೆ, ಪೊಟ್ಟಣದ ವಾಸನೆ, ಮೇಡಂ ಮೇಡಂ ಎನ್ನುವ ಆ ಮೆತ್ತನೆಯ ದನಿ ಎಲ್ಲ ಸೇರಿ ಹೇಸಿಗೆಯಾಯಿತು. ಪೊಟ್ಟಣವನ್ನು ಅವನ ಕಡೆಗೇ ತಳ್ಳಿ ಹೊರಗೆ ಬಂದಳು.

ಮುಂದಿನ ವಾರ ನಕ್ಷೆಗೆ ಕಂಪನಿಯ ಬಹುಮಾನ ಬಂತು. ಎಲ್ಲರನ್ನೂ ಊಟದ ಹಾಲಿಗೆ ಸೇರಿಸಿದರು. ಮೇಜಿನ ಮೇಲೆ ದೊಡ್ಡ ಕೇಕ್. ಅದರ ಬಿಳಿ ಕ್ರೀಮಿನ ಮೇಲೆ ಅವಳ ನಕ್ಷೆಯನ್ನೇ ಮುದ್ರಿಸಿದ್ದರು. ನೀಲಿ ಚೌಕಗಳು, ಕೆಂಪು ಗೆರೆಗಳು. ಚಾಕುವನ್ನು ಅವಳ ಕೈಗೆ ಕೊಟ್ಟರು, ಚಪ್ಪಾಳೆ ತಟ್ಟಿದರು. ಕತ್ತರಿಸದೆ ಬೇರೆ ದಾರಿಯಿರಲಿಲ್ಲ. ಉಳಿದುಕೊಂಡವರು ಕಾಗದದ ತಟ್ಟೆ ಹಿಡಿದು ಒಬ್ಬರನ್ನೊಬ್ಬರು ತಳ್ಳಿಕೊಂಡು ಮುಂದೆ ಬಂದರು. ಹೋದವರ ಮಾತನ್ನು ಯಾರೂ ಎತ್ತಲಿಲ್ಲ. "ನನಗೆ ಆ ಕೆಂಪು ಇರೋ ಪೀಸ್ ಕೊಡಿ," ಎಂದು ಯಾರೋ ಕೇಳಿದರು. ವೆಂಕಟಾಚಲ ಮೀಸೆಗೆ ಕ್ರೀಮು ಹತ್ತಿಸಿಕೊಂಡು ಅವಳ ಕಿವಿಯ ಹತ್ತಿರ ಬಾಗಿ, "ನಿಮ್ಮಿಂದ ನಾನು ಉಳ್ಕೊಂಡೆ ಕಣ್ರೀ ಮೀನಾ. ಮಗಳ ಮದುವೆ ಇದೆ ಈ ವರ್ಷ," ಎಂದ. ನಿಜವಾದ ಕೃತಜ್ಞತೆಯಿಂದಲೇ ಹೇಳಿದ. ಅದನ್ನೇ ತಡೆದುಕೊಳ್ಳಲಾಗಲಿಲ್ಲ. ಮೀನಾ ಬಾತ್ರೂಮಿಗೆ ಓಡಿ ವಾಂತಿ ಮಾಡಿಕೊಂಡಳು. ಕೈಯನ್ನು ಎಷ್ಟು ಸಲ ತೊಳೆದರೂ ಕ್ರೀಮಿನ ಜಿಡ್ಡು ಹೋಗಲಿಲ್ಲ.

ಮನೆಯಲ್ಲಿ ಅತ್ತೆ ಅಂಬುಜಮ್ಮ ಹುರುಳಿಕಾಯಿ ಹೆಚ್ಚುತ್ತ ಕೂತಿದ್ದರು. ಬಸವನಗುಡಿಯ ಒಂದು ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ನೇರ ಮಾತಿನವರು. ಮೀನಾ ನಡೆದದ್ದನ್ನೆಲ್ಲ ಹೇಳಿದಳು. ಅವರು ಸಮಾಧಾನ ಮಾಡಲಿಲ್ಲ.

"ಹೆಸರು ಹಾಕು ಅಂದಾಗಲೇ ಯಾಕೆ ಅಂತ ಕೇಳ್ಬೇಕಿತ್ತು ನೀನು."

"ಫೋನ್ ಮಾಡೋಕೆ ಅಂದ, ಅಮ್ಮ."

"ಅಂದ. ನೀನು ನಂಬಿದೆ. ಆಯ್ತಲ್ಲ, ಈಗ ಏನ್ ಮಾಡ್ತೀಯ?"

ಅವಳು ಮಾಡಿದ್ದು ಇಷ್ಟು. ಮರುದಿನ ಪ್ರೋಗ್ರಾಮಿನಿಂದ ಹೆಸರುಗಳನ್ನೆಲ್ಲ ಕಿತ್ತುಹಾಕಿದಳು. ಚೌಕಗಳಲ್ಲಿ ಡೆಫಿನಿಷನ್ ಮಾತ್ರ ಉಳಿಯಿತು. ಗೆರೆ ಕಡಿಮೆಯಿರುವುದು ಒಳ್ಳೆಯ ಕೆಲಸದ ಗುರುತು, ಈ ನಕ್ಷೆ ಮನುಷ್ಯರನ್ನು ಅಳೆಯಲು ಮಾಡಿದ್ದಲ್ಲ ಎಂದು ತಂಡಕ್ಕೂ ಮೇಲಿನವರಿಗೂ ಮೇಲ್ ಕಳಿಸಿದಳು. ಯಾರೂ ಉತ್ತರಿಸಲಿಲ್ಲ. ವೆಂಕಟಾಚಲ ಮಾತ್ರ ಒಂದು ಹೆಬ್ಬೆರಳಿನ ಚಿತ್ರ ಕಳಿಸಿದ, ಓದಿದ್ದನೋ ಇಲ್ಲವೋ.

ಆತ್ರೇಯ ಕೂಗಾಡಲಿಲ್ಲ. "ನಿಮಗೆ ಸುಸ್ತಾಗಿದೆ ಮೇಡಂ, ಸ್ವಲ್ಪ ದಿನ ರಿಪೋರ್ಟ್ ಕೆಲಸ ನೋಡ್ಕೊಳ್ಳಿ," ಎಂದ. ನಕ್ಷೆಯನ್ನೂ ಮೀನಾಳ ಪಾಲಿನ ಡೆಫಿನಿಷನ್‌ಗಳನ್ನೂ ಆರಾಧನಾ ಎಂಬ ಹೊಸ ಹುಡುಗಿಗೆ ಕೊಟ್ಟರು. ಅವಳು ಚುರುಕಿನವಳು. ಒಂದೇ ದಿನದಲ್ಲಿ ಹೆಸರುಗಳನ್ನೆಲ್ಲ ವಾಪಸು ಕೂರಿಸಿ, ಜೊತೆಗೆ ಫೋಟೋಗಳನ್ನೂ ಹಾಕಿದಳು. ಗೆರೆ ಕಡಿಮೆ ಇದ್ದವರ ಫೋಟೋ ತಾನಾಗಿಯೇ ಮಂಕಾಗುವ ಹಾಗೆ ಮಾಡಿದ್ದಕ್ಕೆ ಎಲ್ಲರೂ ಅವಳನ್ನು ಹೊಗಳಿದರು. ಮುಂದಿನ ತಿಂಗಳು ಪಕ್ಕದ ತಂಡದ ನಕ್ಷೆಯೂ ಬಂತು, ಅಲ್ಲಿನವರಲ್ಲೂ ಕೆಲವರು ಹೋದರು.

ಒಂದು ಭಾನುವಾರ ಬೆಳಗ್ಗೆ ಮೀನಾ ಮಲ್ಲೇಶ್ವರದ ಮಾರ್ಕೆಟ್ಟಿಗೆ ಹೋದಳು. ನರಸಮ್ಮನ ಅಂಗಡಿಯಲ್ಲಿ ಧರ್ಮೇಂದ್ರ ಮೂಲಂಗಿಗೆ ನೀರು ಚಿಮುಕಿಸುತ್ತಿದ್ದ. ಅವಳನ್ನು ಕಂಡು ಕೈ ಒರೆಸಿಕೊಂಡ, ನಗಲಿಲ್ಲ.

"ಸಾರಿ ಕಣೋ," ಎಂದಳು ಮೀನಾ.

"ಈಗ ನಾನೇನು ಹೇಳ್ಬೇಕು ಮೇಡಂ? ಪರ್ವಾಗಿಲ್ಲ ಅಂತನಾ?"

ಮತ್ತೆ ಮೂಲಂಗಿಯ ಕಡೆ ತಿರುಗಿ, "ಬೇರೆ ಕಡೆ ಕೆಲಸ ಸಿಕ್ತು. ಅದೇ ಮೇನ್‌ಫ್ರೇಮು," ಎಂದ.

"ಒಳ್ಳೇದಾಯ್ತು. ಅಲ್ಲೂ ಎಲ್ಲ ಕ್ಲೀನ್ ಮಾಡ್ತಿದೀಯಾ?"

"ಇಲ್ಲ. ಅಲ್ಲಿ ಏನನ್ನೂ ಬಿಡಿಸಲ್ಲ ನಾನು. ಗಂಟು ಹಾಕ್ತೀನಿ. ಹೊಸದೇನು ಬಂದ್ರೂ ನನ್ನದಕ್ಕೆ ಹತ್ತು ಕಡೆ ಸಿಗಿಸಿ ಇಡ್ತೀನಿ. ನನ್ನ ತೆಗೆಯೋಕೆ ಹೋದ್ರೆ ಎಲ್ಲ ಬೀಳ್ಬೇಕು."

ಬಾಯಿ ಮಾತಿಗೆ ಹೇಳಿದ್ದಲ್ಲ. ಸೊಪ್ಪಿನ ಕಟ್ಟು ಜೋಡಿಸುತ್ತ, ಮಾಡಿದ ಕೆಲಸವೊಂದನ್ನು ವಿವರಿಸುವ ಹಾಗೆ ಹೇಳಿದ. ಅವನ ಬಾಯಲ್ಲಿ ಇದನ್ನು ಕೇಳಿದಾಗ ಮೀನಾಗೆ ಆತ್ರೇಯನ ಕೋಣೆಯಲ್ಲಾದದ್ದಕ್ಕಿಂತ ಹೆಚ್ಚು ಹೇಸಿಗೆಯಾಯಿತು. ಅವನ ಮೇಲೆ ಹೇಸಿಗೆಯಲ್ಲ. ಇಷ್ಟು ಚೊಕ್ಕ ಕೈಯನ್ನು ಈ ಕೆಲಸಕ್ಕೆ ತಂದು ನಿಲ್ಲಿಸಿದ್ದರಲ್ಲಿ ತನ್ನದೂ ಪಾಲಿದೆಯಲ್ಲ ಎಂಬ ಹೇಸಿಗೆ.

ಒಳಗಿನಿಂದ ಬಂದ ನರಸಮ್ಮ, "ನಿನ್ನ ಆಫೀಸ್ನೋರೇನೋ?" ಎಂದು ಮಗನನ್ನು ಕೇಳಿ, ಉತ್ತರಕ್ಕೆ ಕಾಯದೆ ಒಂದು ಹಿಡಿ ಕರಿಬೇವನ್ನು ಮೀನಾಳ ಚೀಲಕ್ಕೆ ಹಾಕಿದರು. "ತಗೊಳ್ಳಿ ಅಮ್ಮ, ಎಳೇದಿದೆ. ನೀವೆಲ್ಲ ಇದ್ರಿ, ಅವನಿಗೆ ಹೊಸ ಕೆಲಸ ಸಿಕ್ತು." ಧರ್ಮೇಂದ್ರ ತಾಯಿಯನ್ನು ತಡೆಯಲೂ ಇಲ್ಲ, ನಿಜ ಹೇಳಲೂ ಇಲ್ಲ. ಮೀನಾ ಬೇಡವೆನ್ನಲಾರದೆ ತೆಗೆದುಕೊಂಡು ಹೊರಟಳು.

ಆ ವರ್ಷದ ದಸರಾ ಹೊತ್ತಿಗೆ ಅವಳು ರಾಜೀನಾಮೆ ಬರೆದು ಕೊಟ್ಟಳು. ಆತ್ರೇಯ ಅವಳ ಹೆಸರಿನ ಮುಂದಿರುವ ಗೆರೆಗಳನ್ನು ಪರದೆಯ ಮೇಲೆ ತೆಗೆದು ನೋಡಿದ. "ಒಂದೂ ಇಲ್ಲ ಮೇಡಂ. ನಾಳೆಯಿಂದಲೇ ಬಿಡಬಹುದು," ಎಂದು ಸಹಿ ಹಾಕಿದ.